ಬಲಕ್ಕೊಂದು, ಎಡಕ್ಕೊಂದು

ಸಲಾ ಊರಿನ ಹಳೇಪೇಟೆಯಲ್ಲಿ ತಾಮು ಹೊಲಿದ ಕಾಫ್ತಾನನ್ನು ಗುರುತಿಸುವುದಕ್ಕೆ ಒಂದು ಪರೀಕ್ಷೆ ಇತ್ತು. ಗಂಟಲಿನಿಂದ ಪಾದದವರೆಗೆ ಇಳಿಯುವ ಗುಂಡಿಸಾಲಿನ ಮೇಲೆ ಉಡುಪನ್ನು ಉದ್ದಕ್ಕೆ ಮಡಿಸಬೇಕು. ಎಡತೋಳು ಬಲತೋಳಿನ ಮೇಲೆ, ಎಡದ ಅಂಚು ಬಲದ ಅಂಚಿನ ಮೇಲೆ ಕೂದಲೆಳೆಯಷ್ಟೂ ಆಚೀಚೆಯಾಗದೆ ಕೂತರೆ ಅದು ತಾಮುವಿನ ಕೈಯದ್ದು. ಹೊಸ ಗಿರಾಕಿ ಯಾರಾದರೂ ಅನುಮಾನದ ಮುಖ ಮಾಡಿದರೆ ಅವಳೇ ಮಡಿಸಿ ತೋರಿಸಿ, ಎರಡೂ ಕೈಯನ್ನು ಸೊಂಟದ ಮೇಲಿಟ್ಟುಕೊಂಡು ನಿಲ್ಲುತ್ತಿದ್ದಳು. ವಿನಯವೆಂಬ ಬಟ್ಟೆ ಅವಳ ಮೈಗೆ ಯಾವತ್ತೂ ಸರಿಯಾಗಿ ಕೂತಿದ್ದಿಲ್ಲ.

ಈ ಮಡಿಕೆಯ ಗರ್ವ ತಂದೆಯಿಂದ ಬಂದದ್ದು. ಕಸುಬಿನಲ್ಲಿ ಗುರುವಾದವನನ್ನು ಜನ ಮಾಲೆಮ್ ಎನ್ನುತ್ತಿದ್ದರು, ಹೆಂಗಸಾದರೆ ಮಾಲ್ಮಾ; ಮಾಲೆಮ್ ಬುಶ್ತಾ ಎಂದರೆ ಆ ಕಾಲಕ್ಕೆ ದೊಡ್ಡ ಹೆಸರು. ಬಟ್ಟೆಯನ್ನು ಹೆಗಲಿನ ಬಳಿ ಒಮ್ಮೆ, ನಡುವಿನಲ್ಲಿ ಒಮ್ಮೆ ಮಡಿಸಿ, ಬಿಸ್ಮಿಲ್ಲಾ ಎಂದು ಒಂದೇ ಸಲಕ್ಕೆ ಕತ್ತರಿ ಆಡಿಸಿದರೆ ಮುಗಿಯಿತು. ಬಿಚ್ಚಿ ಹರಡಿದಾಗ ಇಡೀ ಕಾಫ್ತಾನು ಕೈಚಾಚಿಕೊಂಡು ಮಲಗಿರುತ್ತಿತ್ತು. "ದೇವರು ಮನುಷ್ಯನನ್ನ ಮಡಿಸಿ ಕತ್ತರಿಸಿದ್ದಾನೆ, ನಾವೂ ಹಂಗೇ ಕತ್ತರಿಸಬೇಕು," ಎನ್ನುತ್ತಿದ್ದ. ಎಲ್ಲರ ಮೈಯೂ ಹಾಗಿರುವುದಿಲ್ಲವಲ್ಲ ಎಂದು ಕೇಳಿದರೆ ಮೂಲೆಯಲ್ಲಿದ್ದ ಹತ್ತಿಯ ಚೀಲ ತೋರಿಸುತ್ತಿದ್ದ. ಒಂದು ಹೆಗಲು ಇಳಿದಿದ್ದರೆ ಅಲ್ಲಿ ಒಂದು ಹಿಡಿ ಹತ್ತಿ, ಒಂದು ಪಕ್ಕ ಬತ್ತಿದ್ದರೆ ಅಲ್ಲಿ ಎರಡು ಹಿಡಿ. ಬಟ್ಟೆ ಮಾತ್ರ ಮಡಿಕೆ ತಪ್ಪಬಾರದು. ಅವನ ಇನ್ನೊಂದು ಕಟ್ಟಪ್ಪಣೆ, ಎಲ್ಲ ಅಂಚಿನಲ್ಲೂ ನಾಲ್ಕು ಬೆರಳು ಬಟ್ಟೆ ಒಳಗೆ ಮಡಚಿ ಬಿಡಬೇಕೆಂಬುದು. ಕಾಫ್ತಾನು ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಹೋಗುವಂಥದ್ದು. ಮೊಮ್ಮಗಳು ದಪ್ಪಗಿರುತ್ತಾಳೋ ತೆಳ್ಳಗಿರುತ್ತಾಳೋ ಯಾರು ಕಂಡವರು?

ತಂದೆ ಹೋದ, ಕೆಲವು ವರ್ಷಕ್ಕೆ ಗಂಡನೂ ಹೋದ. ತಾಮುವಿಗೆ ಉಳಿದದ್ದು ಆ ಅಂಗಡಿ, ಕತ್ತರಿ, ಹತ್ತಿಯ ಚೀಲ. ದಾರ ಹಿಡಿಯುವುದಕ್ಕೆ ಪಕ್ಕದ ಮನೆಯ ಫದ್ಮಾ ಬರುತ್ತಿದ್ದಳು. ಕೈಗಿಂತ ಬಾಯಿ ಹೆಚ್ಚು ಓಡುವ ಹೆಂಗಸು. ಐವತ್ತೆಂಟು ತುಂಬುವ ಹೊತ್ತಿಗೆ ತಾಮು ತಾನಿನ್ನು ಕಲಿಯುವುದು ಏನೂ ಇಲ್ಲ ಎಂದು ತೀರ್ಮಾನಿಸಿದ್ದಳು. ಶಾಬಾನ್ ತಿಂಗಳ ಒಂದು ಬೆಳಗ್ಗೆ ಬಹೀಜಾ ಅಂಗಡಿಯ ಮೆಟ್ಟಿಲು ಹತ್ತಿದಳು.

ಬಹೀಜಾ ಮುನಿಸಿಪಾಲಿಟಿಯಲ್ಲಿ ಜನನಪತ್ರಗಳಿಗೆ ಮೊಹರು ಒತ್ತುವವಳು. ಹದಿಮೂರನೇ ವಯಸ್ಸಿನಲ್ಲಿ ಬೆನ್ನುಮೂಳೆ ಬಾಗತೊಡಗಿ ಹಾಗೇ ನಿಂತುಬಿಟ್ಟಿತ್ತು. ಆಗಸ್ಟಿನ ಸುಡುಬಿಸಿಲಿನಲ್ಲೂ ಅವಳ ಮೈಮೇಲೆ ಅಗಲವಾದ ಬೂದುಬಣ್ಣದ ಶಾಲು ಇದ್ದೇ ಇರುತ್ತಿತ್ತು. ಊರಿನವರು ಆ ಶಾಲಿಗೆ ಎಷ್ಟು ಒಗ್ಗಿಹೋಗಿದ್ದರೆಂದರೆ ಅದನ್ನೂ ಅವಳ ಮೈಯ ಭಾಗವೆಂದೇ ಎಣಿಸುತ್ತಿದ್ದರು. ಆ ಶಾಲು ಯಾವತ್ತಿನಿಂದ ಬಂತು ಎಂಬುದು ಮಾತ್ರ ತಾಮುವಿಗೆ ಚೆನ್ನಾಗಿ ಗೊತ್ತಿತ್ತು.

ಇಪ್ಪತ್ತಾರು ವರ್ಷದ ಹಿಂದೆ ಬಹೀಜಾಳ ಮದುವೆಯ ಕಾಫ್ತಾನನ್ನು ಬುಶ್ತಾ ಕತ್ತರಿಸಿದ್ದ. ಎಡಹೆಗಲಿಗೆ ಹತ್ತಿ ತುಂಬಿದವಳು ತಾಮುವೇ. ಹೆಂಗಸರೆಲ್ಲ ಸೇರಿ ಮದುಮಗಳನ್ನು ಕುಣಿಯಲು ಎಳೆದಾಗ ಆ ಹತ್ತಿ ಜಾರಿತು. ಜಾರಿ, ತೋಳಿನೊಳಗೆ ಇಳಿದು, ಮೊಣಕೈಯ ಬಳಿ ಉಂಡೆಯಾಗಿ ಕೂತಿತು. "ಅಯ್ಯೋ, ನೋಡ್ರೇ, ಮದುಮಗಳ ಹೆಗಲು ಮೊಣಕೈಗೆ ಇಳೀತು!" ಎಂದು ನಾದಿನಿಯೊಬ್ಬಳು ಕಿರುಚಿದಳು. ಇಡೀ ಅಂಗಳ ನಕ್ಕಿತು. ಬಹೀಜಾಳೂ ನಕ್ಕಳು. ಮರುದಿನ ಬೆಳಗ್ಗೆ ಶಾಲು ಹೊದ್ದವಳು ಮತ್ತೆ ತೆಗೆದಿರಲಿಲ್ಲ.

"ಬಾ ಬಾ, ಲಲ್ಲಾ ಬಹೀಜಾ, ಕೂತ್ಕೋ," ಎಂದು ತಾಮು ಮರ್ಯಾದೆಯ 'ಲಲ್ಲಾ' ಹಚ್ಚಿ ಕರೆದು ದಿಂಬು ಸರಿಸಿದಳು.

"ಕೂರೋದು ಆಮೇಲೆ. ಮೊದಲು ಒಂದು ಮಾತು ಕೊಡು ಮಾಲ್ಮಾ. ಹತ್ತಿ ಹಾಕಕೂಡದು."

ತಾಮುವಿನ ಕಿವಿ ಬಿಸಿಯಾಯಿತು. ಬಹೀಜಾ ಚೀಲದಿಂದ ಬಟ್ಟೆ ತೆಗೆದು ಹಲಗೆಯ ಮೇಲೆ ಹರಡಿದಳು. ಆಲಿವ್ ಕಾಯಿಯ ಬಣ್ಣದ ರೇಷ್ಮೆ, ಅಲ್ಲಲ್ಲಿ ಜರಿಯ ಹೂವು.

"ಈ ತಿಂಗಳ ಕೊನೇ ವಾರ, ಉಪವಾಸ ಶುರುವಾಗೋ ಮೊದಲು, ನನ್ನ ಮಗಳು ಸನಾಳ ಮೆಹೆಂದಿ. ಹುಡುಗನ ಕಡೆಯವರು ತೆತುವಾನದಿಂದ ಬರ್ತಾರೆ. ಮಗಳ ಪಕ್ಕ ನಾನು ಶಾಲಿಲ್ಲದೆ ಕೂರಬೇಕು. ಒಂದು ಮಧ್ಯಾಹ್ನ, ಅಷ್ಟೇ. ಸನಾ ಚಿಕ್ಕವಳಿದ್ದಾಗ ಕೇಳಿದ್ದಳು, 'ಅಮ್ಮಾ, ನೀನು ಯಾಕೆ ಯಾವಾಗಲೂ ಎಲ್ಲಿಗೋ ಹೊರಟವಳ ಥರ ಇರ್ತೀಯಾ' ಅಂತ."

"ಮತ್ತೆ ನನ್ನ ಹತ್ರಾನೇ ಯಾಕೆ ಬಂದೆ?" ಎಂದು ಕೇಳಿಯೇಬಿಟ್ಟಳು ತಾಮು.

"ಹಾಳು ಮಾಡಿದ ಕೈಯೇ ಸರಿ ಮಾಡಲಿ ಅಂತ," ಎಂದು ಬಹೀಜಾ ನಕ್ಕಳು. ಆ ನಗುವಿನಲ್ಲಿ ಕಹಿ ಇರಲಿಲ್ಲ. ತಾಮುವಿಗೆ ಅದೇ ಹೆಚ್ಚು ಚುಚ್ಚಿತು.

ಅಳತೆ ತೆಗೆಯುವಾಗ ಬಹೀಜಾ ಶಾಲು ತೆಗೆದಿಟ್ಟು ಕನ್ನಡಿಯ ಮುಂದೆ ನಿಂತಳು. ಟೇಪು ಹಿಡಿದ ತಾಮುವಿಗೆ ಆಶ್ಚರ್ಯವಾಯಿತು. ಎರಡು ಹೆಗಲಿಗೂ ಅರ್ಧ ಬೆರಳಿನ ವ್ಯತ್ಯಾಸ, ಪಕ್ಕಗಳಲ್ಲಿ ಹೆಚ್ಚೆಂದರೆ ಒಂದು ಬೆರಳು. ಇಷ್ಟಕ್ಕೆ ಇಪ್ಪತ್ತಾರು ವರ್ಷ ಶಾಲು ಹೊದ್ದಳೇ ಈ ಹುಚ್ಚಿ ಎಂದುಕೊಂಡಳು. ಅಷ್ಟಕ್ಕೆ ಹತ್ತಿಯೂ ಬೇಡ, ಏನೂ ಬೇಡ. ಆ ಮಧ್ಯಾಹ್ನವೇ ರೇಷ್ಮೆಯನ್ನು ಹೆಗಲಿಗೆ ಒಮ್ಮೆ, ನಡುವಿಗೆ ಒಮ್ಮೆ ಮಡಿಸಿ, ಬಿಸ್ಮಿಲ್ಲಾ ಎಂದು ಒಂದೇ ಸಲಕ್ಕೆ ಕತ್ತರಿಸಿದಳು. ಮನಸ್ಸು ಹಗುರಾಯಿತು. ಹಳೆಯ ತಪ್ಪನ್ನು ಇಷ್ಟು ಸಲೀಸಾಗಿ ತೊಳೆದುಕೊಳ್ಳಬಹುದೆಂದು ಅವಳು ಎಣಿಸಿರಲಿಲ್ಲ.

ನಾಲ್ಕು ದಿನ ಬಿಟ್ಟು ಬಹೀಜಾ ಬಂದಳು. ಕಚ್ಚಾಹೊಲಿಗೆಯ ಕಾಫ್ತಾನು ತೊಟ್ಟು ನಿಂತಾಗ ಗುಂಡಿಸಾಲಿಗೆಂದು ಹಾಕಿದ್ದ ಬಿಳಿದಾರದ ಗುರುತು ಗೆರೆ ಎಳೆದ ಹಾಗೆ ಪಾದಕ್ಕೆ ಇಳಿದಿತ್ತು. ಫದ್ಮಾ ಬಾಯಿಗೆ ಅಂಗೈ ಹಿಡಿದು, ಮದುವೆಮನೆಯಲ್ಲಿ ಹೆಂಗಸರು ಹರ್ಷಕ್ಕೆ ಕೂಗುವಂತೆ ಯೂಯೂ ಎಂದು ಉಲಿದೇಬಿಟ್ಟಳು. ಪುದೀನಾ ಚಹಾ ಬಂತು. ಬಹೀಜಾ ಕಾಫ್ತಾನು ತೊಟ್ಟುಕೊಂಡೇ ಕೂತಳು. ಭಾವೀ ಬೀಗಿತ್ತಿ ಫೋನಿನಲ್ಲಿ ಕುರಿಮಾಂಸದ ಬಗ್ಗೆ ಅರ್ಧಗಂಟೆ ಪಾಠ ಮಾಡಿದ್ದನ್ನು ಅಣಕಿಸಿ ತೋರಿಸಿದಳು. ಮೂವರೂ ಬಿದ್ದು ಬಿದ್ದು ನಕ್ಕರು.

ನಗು ನಿಂತಾಗ ತಾಮು ನೋಡಿದಳು. ಕತ್ತಿನ ಪಟ್ಟಿ ಎಡಕ್ಕೆ ಜಾರಿತ್ತು. ಬೆನ್ನಿನ ಬಲಭಾಗದಲ್ಲಿ ಬಟ್ಟೆ ಬಿಗಿದು ಸುಕ್ಕು ಎದ್ದಿತ್ತು. ಬಿಳಿದಾರ ಗಂಟಲಿನಿಂದ ಹೊರಟು, ಎದೆಯ ಮೇಲೆ ಒಂದು ಕಡೆಗೆ ವಾಲಿ, ದಾರಿ ತಪ್ಪಿದವನಂತೆ ತೊಡೆಯ ಪಕ್ಕಕ್ಕೆ ಹೋಗಿ ಮುಗಿದಿತ್ತು. ಬಹೀಜಾ ತಾಮುವಿನ ಮುಖ ಓದಿ ಕನ್ನಡಿಯ ಕಡೆ ತಿರುಗಿದಳು. ತಕ್ಷಣ ಎಡಹೆಗಲನ್ನು ಎತ್ತಿ, ಉಸಿರು ಹಿಡಿದು, ನೆಟ್ಟಗಾದಳು. ಗೆರೆಯೂ ನೆಟ್ಟಗಾಯಿತು.

ಆಗ ತಾಮುವಿಗೆ ತಿಳಿಯಿತು. ಅವಳು ಅಳೆದದ್ದು ಬಹೀಜಾಳ ಮೈಯನ್ನಲ್ಲ, ಬಹೀಜಾ ಉಸಿರು ಬಿಗಿಹಿಡಿದ ಭಂಗಿಯನ್ನು.

"ಯಾವಾಗಿಂದ ಹೀಗೆ ನಿಲ್ತೀಯಾ?"

"ಹದಿಮೂರರಿಂದ. ಅಮ್ಮ ಎರಡು ಬೆರಳಿಂದ ಬೆನ್ನಿಗೆ ಕುಟ್ಟೋಳು, 'ನೆಟ್ಟಗೆ!' ಅಂತ. ಈಗ ಯಾರಾದ್ರೂ ನೋಡಿದ್ರೆ ಸಾಕು, ಮೈ ತಾನೇ ಎದ್ದು ನಿಲ್ಲುತ್ತೆ. ಹತ್ತು ನಿಮಿಷ ಆಗುತ್ತೆ, ಆಮೇಲೆ ನೋವು. ಮೆಹೆಂದಿ ಇಡೀ ಮಧ್ಯಾಹ್ನ ಇರುತ್ತಲ್ಲ." ಅವಳು ಎದ್ದು ಶಾಲಿಗೆ ಕೈ ಚಾಚಿದಳು. "ಇರಲಿ ಬಿಡು ಮಾಲ್ಮಾ. ತಪ್ಪು ನನ್ನ ಬೆನ್ನಿಂದು, ನಿನ್ನ ಕತ್ತರಿದಲ್ಲ."

ತಾಮುವಿನ ಕೈ ಅವಳಿಗೇ ಗೊತ್ತಿಲ್ಲದೆ ಮೂಲೆಯ ಚೀಲದ ಕಡೆ ಹೋಗಿ, ಹತ್ತಿಯ ಮೆತ್ತನೆಯ ಸ್ಪರ್ಶವಾದಾಗ ಬೆಂಕಿ ತಾಕಿದಂತೆ ಹಿಂದಕ್ಕೆ ಬಂತು. ಬಹೀಜಾ ಅದನ್ನು ನೋಡಿದಳು. ತಾಮುವಿಗೆ ಅಷ್ಟು ನಾಚಿಕೆ ಜೀವಮಾನದಲ್ಲಿ ಆಗಿರಲಿಲ್ಲ.

"ನಾಳೆ ಬಾ," ಎಂದಳು. "ಶಾಲು ಹೊದ್ಕೊಂಡೇ ಬಾ. ಆದ್ರೆ ಬಾ."

ಮರುದಿನ ಮೂರು ಸಲ ಅಳತೆ ತೆಗೆದಳು, ಮೂರು ಸಲವೂ ಬೇರೆ ಬೇರೆ ಬಂತು. "ಮೈ ಬಿಟ್ಟುಬಿಡು," ಎಂದರೆ ಬಹೀಜಾ ಇನ್ನಷ್ಟು ಬಿಗಿಯಾಗುತ್ತಿದ್ದಳು. "ಮನೇಲಿ ನಿಲ್ಲೋ ಥರ ನಿಲ್ಲು," ಎಂದರೆ, "ಮನೇಲಿ ಹೇಗೆ ನಿಲ್ತೀನಿ ಅಂತ ನಂಗೇನು ಗೊತ್ತು, ನಾನೇನು ನನ್ನ ನೋಡ್ತಾ ನಿಂತಿರ್ತೀನಾ?" ಎಂದು ರೇಗಿದಳು. ಇಬ್ಬರಿಗೂ ಸಾಕಾಯಿತು. ತಾಮು ಟೇಪನ್ನು ಎಸೆದು, ಆ ಸಂಜೆಯೇ ಕೊಡಬೇಕಿದ್ದ ಬೇರೊಬ್ಬರ ಜಲ್ಲಾಬಾ ನಿಲುವಂಗಿಯನ್ನು ಎಳೆದುಕೊಂಡು ಕೂತಳು. ಅದರ ಅಂಚಿಗೆ ಹೆಣೆದ ಪಟ್ಟಿ ಕೂರಿಸುವುದು ಬಾಕಿ ಇತ್ತು. ಆ ಕೆಲಸ ಒಬ್ಬರಿಂದ ಆಗುವುದಿಲ್ಲ. ಹೊಲಿಯುವವಳಿಂದ ಎರಡು ಮಾರು ದೂರ ಇನ್ನೊಬ್ಬರು ನಿಂತು, ಬೆರಳುಗಳಿಗೆ ಸುತ್ತಿದ ರೇಷ್ಮೆ ದಾರಗಳನ್ನು ಪ್ರತಿ ಹೊಲಿಗೆಗೂ ಅದಲುಬದಲು ಮಾಡುತ್ತಿರಬೇಕು. ಫದ್ಮಾ ಹಲ್ಲುನೋವೆಂದು ಬಂದಿರಲಿಲ್ಲ.

"ಕೊಡು ಇಲ್ಲಿ," ಎಂದಳು ಬಹೀಜಾ. "ಹುಡುಗಿ ಇದ್ದಾಗ ನಮ್ಮ ಬೀದಿಯ ದರ್ಜಿಗೆ ಎರಡು ಬೇಸಿಗೆ ದಾರ ಹಿಡಿದಿದ್ದೀನಿ. ಬೆರಳು ಮರೆತಿರಲಿಕ್ಕಿಲ್ಲ."

ಬೆರಳು ಮರೆತಿರಲಿಲ್ಲ. ಮೊದಲು ತಡವರಿಸಿದವು, ಆಮೇಲೆ ಓಡಿದವು. ಸೂಜಿ ಹೋಗಿ ಬಂದಂತೆ ದಾರಗಳು ಒಂದರ ಕೆಳಗೊಂದು ನುಸುಳಿದವು. ಕೈ ಒಂದು ಲಯಕ್ಕೆ ಬಿದ್ದಂತೆ ಬಹೀಜಾಳ ಮಾತೂ ಸಡಿಲವಾಯಿತು. ಆಫೀಸಿಗೆ ತನ್ನ ಜನನಪತ್ರ ತಾನೇ ಕೇಳಲು ಬಂದ ತೊಂಬತ್ತರ ಮುದುಕ, ಎರಡು ವರ್ಷ ಕಿರಿಯನೆಂದು ಬರೆಸಿಕೊಳ್ಳಲು ಅವನು ಮಾಡಿದ ಜಗಳ, ಅಂಥ ಕಥೆಗಳು. ಅರ್ಧಗಂಟೆ ಕಳೆದಿರಬೇಕು. ತಾಮು ದಾರ ಕಚ್ಚಿ ಕತ್ತರಿಸಿ ತಲೆ ಎತ್ತಿದಳು.

ಎದುರಿಗೆ ಅವಳು ಈವರೆಗೆ ಕಂಡಿರದ ಹೆಂಗಸೊಬ್ಬಳು ನಿಂತಿದ್ದಳು. ಬಲಹೆಗಲು ಎಡಹೆಗಲಿಗಿಂತ ಮೂರು ಬೆರಳು ಮೇಲಿತ್ತು. ಎಡಸೊಂಟ ಹೊರಕ್ಕೆ ಚಾಚಿ, ಮೈಭಾರವೆಲ್ಲ ಆ ಕಾಲಿನ ಮೇಲೆ ಕೂತಿತ್ತು. ತಲೆ ತುಸು ಓರೆ, ಕತೆ ಕೇಳುವವರಂತೆ. ಅದು ಸೊಟ್ಟ ನಿಂತ ಮೈಯಲ್ಲ, ವಿಶ್ರಾಂತಿಯಲ್ಲಿದ್ದ ಮೈ. ಚೆಂದವಿದ್ದಾಳಲ್ಲ ಇವಳು ಎಂದುಕೊಂಡಳು ತಾಮು. ಇಷ್ಟು ವರ್ಷ ನಾವು ಯಾರೂ ಇವಳನ್ನು ನೋಡೇ ಇಲ್ಲವಲ್ಲ ಎಂದು ಅವಳಿಗೆ ದುಃಖವೂ ಆಯಿತು.

"ಹಂಗೇ ಇರು, ಅಲ್ಲಾಡಬೇಡ!" ಎಂದು ಟೇಪಿಗೆ ಹಾರಿದಳು.

ಬಹೀಜಾ ಸಿಪಾಯಿಯಂತೆ ನೆಟ್ಟಗಾದಳು.

"ಹಾಳಾಗಿ ಹೋಗ್ಲಿ ನನ್ನ ಬಾಯಿ," ಎಂದು ತಾಮು ತಲೆ ಚಚ್ಚಿಕೊಂಡಳು. ಆಮೇಲೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಗತೊಡಗಿದರು.

ಉಪಾಯ ಅಲ್ಲೇ ಹೊಳೆದಿತ್ತು. ಅದಕ್ಕೆ ಇನ್ನೆರಡು ಕೈ ಬೇಕಿತ್ತು. ಮರುದಿನ ಕೆನ್ನೆಗೆ ಬಟ್ಟೆ ಕಟ್ಟಿಕೊಂಡ ಫದ್ಮಾಳನ್ನು ತಾಮು ಮನೆಯಿಂದಲೇ ಎಳೆದುಕೊಂಡು ಬಂದು ತನ್ನ ಜಾಗದಲ್ಲಿ ಕೂರಿಸಿ, ಕೈಗೆ ಸೂಜಿ ಕೊಟ್ಟಳು.

"ನಾನಾ? ಹೊಲಿಯೋದಾ? ಮೂವತ್ತು ವರ್ಷ ದಾರ ಹಿಡಿಸಿ ಇವತ್ತು ಸೂಜಿ ಕೊಡ್ತಿದ್ದೀಯಲ್ಲ, ನೀನೇನು ಸಾಯೋದಕ್ಕೆ ಹೊರಟಿದ್ದೀಯಾ?"

"ಹಳೇ ಚಿಂದಿ ಅದು. ಹೇಗೆ ಬೇಕಾದ್ರೂ ಹೊಲಿ. ಬಾಯಿ ಮಾತ್ರ ನಿಲ್ಲಿಸಬೇಡ."

"ಹಲ್ಲುನೋವಿದೆ."

"ಅದರ ಬಗ್ಗೇನೇ ಮಾತಾಡು."

ಫದ್ಮಾ ಮಾತಾಡಿದಳು. ಹಲ್ಲಿನಿಂದ ಹಲ್ಲು ಕೀಳುವವನಿಗೆ, ಅವನಿಂದ ಅವನ ಎರಡನೇ ಹೆಂಡತಿಗೆ ಹೋದಳು. ಬಹೀಜಾ ಕಚ್ಚಾಹೊಲಿಗೆಯ ಕಾಫ್ತಾನಿನಲ್ಲಿ ನಿಂತು ದಾರ ಅದಲುಬದಲು ಮಾಡುತ್ತ, ಫದ್ಮಾಳ ವಕ್ರ ಹೊಲಿಗೆಯನ್ನು ಬೈಯುತ್ತ, ನಗುತ್ತ ಇದ್ದಳು. ಕೈಯಲ್ಲಿ ದಾರವಿದ್ದಾಗ ಅವಳಿಗೆ ಬೆನ್ನಿನ ನೆನಪಾಗುತ್ತಿರಲಿಲ್ಲ. ತಾಮು ಬಾಯಿ ತುಂಬ ಗುಂಡುಪಿನ್ನು ಕಚ್ಚಿಕೊಂಡು ಅವಳ ಸುತ್ತ ಬೆಕ್ಕಿನಂತೆ ಸುಳಿದಳು. ಬೆನ್ನಿನ ಬಲಕ್ಕೆ ಹೊಲಿಗೆ ಬಿಚ್ಚಿ ಬಟ್ಟೆ ಸಡಿಲ ಬಿಟ್ಟಳು. ಎಡಹೆಗಲಿನ ಮೇಲೆ ಹೆಚ್ಚಾಗಿ ನಿಂತ ಬಟ್ಟೆಯನ್ನು ಮೂರು ಬೆರಳು ಹಿಡಿದು ಪಿನ್ನು ಚುಚ್ಚಿದಳು. ಎಡಸೊಂಟದ ಕೆಳಗೆ ಮೇಲಕ್ಕೆ ಸೆಳೆದುಕೊಂಡಿದ್ದ ಅಂಚನ್ನು ಇಳಿಸಿದಳು. ಕೊನೆಗೆ ಅಂಗಡಿಯ ಬೀಗದ ಕೈಗೊಂಚಲನ್ನು ದಾರಕ್ಕೆ ಕಟ್ಟಿ, ಬಹೀಜಾಳ ಗಂಟಲಗುಳಿಯಿಂದ ತೂಗುಬಿಟ್ಟಳು. ಗೊಂಚಲು ತೂಗಾಡಿ ತೂಗಾಡಿ ನಿಂತಿತು. ಗುಂಡಿಸಾಲು ಹೋಗಬೇಕಾದ ದಾರಿ ಅದು. ಬಾಗಿದ ಬೆನ್ನಿನ ಹಿಂದೆ ಹೋಗುವ ಗೆರೆಯೂ ಅಲ್ಲ, ಮಡಿಕೆಯ ಗೆರೆಯೂ ಅಲ್ಲ. ನೆಲಕ್ಕೆ ನೇರವಾಗಿ ಇಳಿಯುವ ಗೆರೆ.

ಬಹೀಜಾ ಹೋದ ಮೇಲೆ ತಾಮು ಕಾಫ್ತಾನನ್ನು ಹಲಗೆಯ ಮೇಲೆ ಹರಡಿ, ಬಾಗಿಲು ಮುಂದೆ ಮಾಡಿಕೊಂಡಳು. ತಂದೆಯ ಕಟ್ಟಪ್ಪಣೆಯಂತೆ ಬಿಟ್ಟಿದ್ದ ನಾಲ್ಕು ಬೆರಳ ಒಳಮಡಿಕೆ ಈಗ ಎಲ್ಲ ಕಡೆ ಕೈಹಿಡಿಯಿತು: ಬೆನ್ನಿಗೆ ಬೇಕಾದ್ದು ಸಿಕ್ಕಿತು, ಮುಂಭಾಗದ ಎರಡೂ ಅಂಚಿಗೆ ಸಿಕ್ಕಿತು, ಕೆಳಗೆ ಇಳಿಸುವುದಕ್ಕೂ ಸಿಕ್ಕಿತು. ಎಡಹೆಗಲಿನ ಮಡಿಕೆಯೊಂದು ಉಳಿಯಿತು. ಅದನ್ನು ಕತ್ತರಿಸಲೇಬೇಕು. ಬುಶ್ತಾನ ಮನೆತನದಲ್ಲಿ ಹೆಗಲಿನ ಮಡಿಕೆಗೆ ಯಾರೂ ಕತ್ತರಿ ಹಾಕಿದ್ದಿಲ್ಲ. ಕತ್ತರಿ ಹಿಡಿದ ಕೈ ಒಂದೆರಡು ಗಳಿಗೆ ಹಾಗೇ ನಿಂತಿತು.

"ಅಪ್ಪಾ, ದೇವರು ಇವಳನ್ನ ಮಡಿಸಿ ಕತ್ತರಿಸಿಲ್ಲ," ಎಂದು ಗಟ್ಟಿಯಾಗಿಯೇ ಹೇಳಿದಳು. "ಬಿಚ್ಚಿಟ್ಟು, ಎರಡು ಕಡೆನೂ ಬೇರೆ ಬೇರೆ ಮನಸ್ಸಿಟ್ಟು ಮಾಡಿದ್ದಾನೆ." ಬಿಸ್ಮಿಲ್ಲಾ ಎಂದು ಕತ್ತರಿಸಿದಳು. ಏನೂ ಆಗಲಿಲ್ಲ. ಬೀದಿಯಲ್ಲಿ ಮೀನಿನವನು ಕೂಗುತ್ತಲೇ ಇದ್ದ.

ಆಮೇಲೆ ಅವಳು ಜೀವಮಾನದಲ್ಲಿ ಮೊದಲ ಸಲ ಒಂದು ಕಾಫ್ತಾನಿಗೆ ಎರಡು ಮಾದರಿ ಕಾಗದ ಕತ್ತರಿಸಿ ಇಟ್ಟುಕೊಂಡಳು, ಬಲಕ್ಕೊಂದು, ಎಡಕ್ಕೊಂದು. ಓದು ಬರಹ ಬಾರದವಳು. ಬಲದ್ದರ ಮೂಲೆಗೆ ಬೆರಳ ತುದಿಯಿಂದ ಮೆಹೆಂದಿಯ ಚುಕ್ಕೆ ಇಟ್ಟಳು. ಹೊಸ ಹೆಗಲ ಹೊಲಿಗೆಯ ಮೇಲೆ ಸಣ್ಣ ಜರಿಪಟ್ಟಿ ಕೂರಿಸಿ, ಬಲಹೆಗಲಿಗೂ ಅಂಥದ್ದೇ ಇಟ್ಟಳು. ಗುಂಡಿಸಾಲಿಗೆ ದಾರ ಹಿಡಿದವಳು ಬಹೀಜಾಳೇ.

ಕಾಫ್ತಾನು ಒಯ್ಯುವ ದಿನ ಬಹೀಜಾ ಅದನ್ನು ಗುಂಡಿಸಾಲಿನ ಮೇಲೆ ಮಡಿಸಲು ಹೊರಟಳು. ಹೆಗಲು ಹೆಗಲಿಗೆ ಸೇರಲಿಲ್ಲ, ಪಕ್ಕ ಪಕ್ಕಕ್ಕೆ ಸೇರಲಿಲ್ಲ.

"ಇದು ಮಾಲ್ಮಾ ತಾಮು ಹೊಲಿದದ್ದು ಅಂದ್ರೆ ಯಾರೂ ನಂಬಲ್ಲ," ಎಂದು ಚುಡಾಯಿಸಿದಳು.

"ಮಡಿಸೋದಕ್ಕೆ ಕೊಟ್ಟದ್ದಲ್ಲ ಅದು, ಹಾಕ್ಕೊಳ್ಳೋದಕ್ಕೆ. ನಡಿ," ಎಂದು ತಾಮು ಗದರಿದಳು.

ಮೆಹೆಂದಿಯ ಮಧ್ಯಾಹ್ನ ಅಂಗಳ ತುಂಬಿತ್ತು. ಖರ್ಜೂರ, ಹಾಲು, ಡೋಲು, ಊದಿನ ಹೊಗೆ. ತೆತುವಾನದ ಹೆಂಗಸರು ಒಂದು ಸಾಲಿನಲ್ಲಿ ಕೂತು ಎಲ್ಲವನ್ನೂ ಅಳೆಯುತ್ತಿದ್ದರು. ತಾಮು ಕಂಬದ ಪಕ್ಕ ಕೂತು ಬಾದಾಮಿ ಬಿಸ್ಕತ್ತು ಕೈಯಲ್ಲಿ ಹಿಡಿದಿದ್ದಳು, ತಿನ್ನಲು ಆಗುತ್ತಿರಲಿಲ್ಲ. ಇಪ್ಪತ್ತಾರು ವರ್ಷದ ಹಿಂದೆ ಇಂಥದ್ದೇ ಅಂಗಳದಲ್ಲಿ ಇಂಥದ್ದೇ ಬಿಸ್ಕತ್ತು ಅವಳ ಗಂಟಲಿಗೆ ಸಿಕ್ಕಿಕೊಂಡಿತ್ತು.

ಬಹೀಜಾ ಬಂದಳು. ಆಲಿವ್ ಬಣ್ಣದ ಕಾಫ್ತಾನು, ಗಂಟಲಿನಿಂದ ಪಾದಕ್ಕೆ ಸಾಲಾಗಿ ಸಣ್ಣ ರೇಷ್ಮೆ ಗುಂಡಿಗಳು. ಶಾಲು ಮೈಮೇಲಿರಲಿಲ್ಲ, ಆದರೆ ನಾಲ್ಕು ಮಡಿಕೆಯಾಗಿ ಎಡಗೈಯಲ್ಲಿ ಇತ್ತು, ಹೆಚ್ಚುಕಡಿಮೆಯಾದರೆ ಇರಲಿ ಎಂಬಂತೆ. ಮಗಳ ಪಕ್ಕ ನಿಂತಳು. ಅಷ್ಟು ಕಣ್ಣುಗಳನ್ನು ಕಂಡು ಅವಳ ಮೈ ತಾನಾಗಿ ಬಿಗಿಯಿತು. ಎಡಹೆಗಲು ಮೇಲೇರಿತು, ಉಸಿರು ನಿಂತಿತು. ತಾಮು ಮನಸ್ಸಿನಲ್ಲೇ ಬೇಡಿಕೊಂಡಳು: ಬಿಡೇ, ಬಿಡು, ನಾನು ಹೊಲಿದದ್ದು ಆ ಬಹೀಜಾಳಿಗಲ್ಲ.

ಹಿಂದಿನ ಆಸನದಲ್ಲಿ ಬಹೀಜಾಳ ತಾಯಿ ಲಲ್ಲಾ ಖ್ನಾತಾ ಕೂತಿದ್ದಳು. ಎಂಬತ್ತು ದಾಟಿದ, ಕಣ್ಣು ಮಂಜಾದ ಮುದುಕಿ. ಮಗಳ ಬೆನ್ನು ಎದುರಿಗೆ ಬಂದದ್ದೇ ಅವಳ ಬಲಗೈ ಮೇಲೆದ್ದಿತು. ಎರಡು ಬೆರಳು ಮುಂದೆ ಚಾಚಿದವು.

ಬೆರಳುಗಳು ಬೆನ್ನಿಗೆ ತಾಗಿದವು, ಕುಟ್ಟಲಿಲ್ಲ. ಬಲಗಡೆ ಉಬ್ಬಿದ ಮೂಳೆಯ ಮೇಲೆ ರೇಷ್ಮೆ ಒಂದು ಸುಕ್ಕಿಲ್ಲದೆ ಮಲಗಿತ್ತು. ಮುದುಕಿಯ ಬೆರಳು ಅದರ ಮೇಲೆ ಹೋಯಿತು, ಹೊಲಿಗೆಯಗುಂಟ ಇಳಿಯಿತು, ಮತ್ತೆ ಮೇಲೆ ಬಂದು ಎಡಹೆಗಲಿನ ಜರಿಪಟ್ಟಿಯನ್ನು ತಡವಿತು.

"ಹತ್ತಿ ಎಲ್ಲಿ?"

"ಇಲ್ಲಮ್ಮಾ," ಎಂದಳು ಬಹೀಜಾ, ತಿರುಗದೆ.

"ಬಟ್ಟೆ ಎಲ್ಲೂ ಎಳೀತಿಲ್ಲ."

"ಇಲ್ಲಮ್ಮಾ."

ಮುದುಕಿಯ ಕೈ ಅಲ್ಲೇ ಇತ್ತು. "ನಿನ್ನ ಬೆನ್ನು ನೋಡಿದಾಗೆಲ್ಲ ನಾನೇ ಏನೋ ತಪ್ಪು ಮಾಡಿ ಹೆತ್ತೆ ಅನಿಸ್ತಿತ್ತು ಮಗಳೇ. ಅದಕ್ಕೇ ಕುಟ್ತಿದ್ದೆ. ನಿಂಗೆ ನೋವಾಗ್ತಿತ್ತಾ?"

"ಆಗ್ತಿತ್ತು."

"ಹೂಂ." ಮುದುಕಿ ಮೂಗು ಒರೆಸಿಕೊಂಡಳು. "ನಂಗೆ ಚಳಿ ಆಗ್ತಿದೆ. ಆ ಶಾಲು ಇಲ್ಲಿ ಕೊಡು. ನೀನು ಹೇಗೆ ಬೇಕೋ ಹಾಗೆ ಕೂತ್ಕೋ."

ಬಹೀಜಾ ಶಾಲು ಕೊಟ್ಟಳು. ಮಗಳ ಪಕ್ಕದಲ್ಲಿ ಕೂತು ಉಸಿರು ಬಿಟ್ಟಳು. ಬಲಹೆಗಲು ಮೇಲೇರಿತು, ತಲೆ ತುಸು ಓರೆಯಾಯಿತು, ಎಡಸೊಂಟ ದಿಂಬಿಗೆ ಒರಗಿತು. ಗುಂಡಿಸಾಲು ಮಾತ್ರ ಗಂಟಲಿನಿಂದ ನೇರ ಮಡಿಲಿಗೆ ಇಳಿದಿತ್ತು. ತೆತುವಾನದ ಬೀಗಿತ್ತಿ ಬಗ್ಗಿ, "ಯಾರು ಹೊಲಿದದ್ದು?" ಎಂದು ಕೇಳಿದ್ದು ತಾಮುವಿಗೆ ಕೇಳಿಸಿತು. ಎದ್ದು ನಿಂತು ಸೊಂಟದ ಮೇಲೆ ಕೈಯಿಡುವ ಹೊತ್ತು ಅದು. ಆದರೆ ಅವಳು ಅಳುತ್ತಿದ್ದಳು, ಪಕ್ಕದವರಿಗೆ ಊದಿನ ಹೊಗೆ ಎಂದು ಸುಳ್ಳು ಹೇಳುತ್ತಿದ್ದಳು.

ಸನಾ ಅಂಗೈಯ ಹಸಿ ಮೆಹೆಂದಿಯನ್ನು ಮೇಲೆತ್ತಿ ಹಿಡಿದು ತಾಯಿಯ ಏರಿದ ಹೆಗಲಿಗೆ ತಲೆಯಾನಿಸಿದಳು. ಆ ಹೆಗಲು ಅದಕ್ಕೆ ಸರಿಯಾದ ಎತ್ತರದಲ್ಲಿತ್ತು. ಡೋಲು ನಿಂತು ಜನ ಕರಗುವವರೆಗೂ ಇಬ್ಬರೂ ಹಾಗೇ ಕೂತಿದ್ದರು. ಶಾಲು ಲಲ್ಲಾ ಖ್ನಾತಾಳ ಮಂಡಿಯ ಮೇಲೇ ಉಳಿಯಿತು. ಮನೆಗೆ ಹೊರಡುವಾಗ ಬಹೀಜಾ ಅದನ್ನು ಕೇಳಲಿಲ್ಲ.